ನಿಶ್ಚಿತಾರ್ಥಕ್ಕೆ ದುಬಾರಿ ವಜ್ರದುಂಗುರ: ಕೊಳ್ಳುವ ಮೊದಲು ತೂಗಿ ನೋಡುವ ಬಗೆ

ಗೆಳೆಯನೊಬ್ಬ ತನ್ನ ಮನೆಯಲ್ಲಿದ್ದ ಹಳೆಯ ವಜ್ರದುಂಗುರವೊಂದನ್ನು ಮಾರಲು ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಮೊದಲ ಅಂಗಡಿಯವರು ಉಂಗುರವನ್ನು ತಕ್ಕಡಿಗೆ ಹಾಕಿ, ಚಿನ್ನದ ಶುದ್ಧತೆಯನ್ನು ಪರೀಕ್ಷಿಸಿ, ಚೀಟಿಯೊಂದರಲ್ಲಿ ಮೊತ್ತ ಬರೆದರು. ‘ಹರಳಿಗೆ ಎಷ್ಟು?’ ಎಂದು ಕೇಳಿದ್ದಕ್ಕೆ, ‘ಹರಳು ಬೇಕಾದರೆ ಬಿಡಿಸಿ ಕೊಡುತ್ತೇವೆ, ನೀವೇ ಇಟ್ಟುಕೊಳ್ಳಿ’ ಎಂದರು. ಕೊಂಡಾಗಿನ ಬಿಲ್ಲಿನಲ್ಲಿ ಚಿನ್ನಕ್ಕಿಂತ ಹಲವು ಪಟ್ಟು ಬೆಲೆ ಬಿದ್ದಿದ್ದ ವಸ್ತುವಿಗೆ ಮಾರುವ ಹೊತ್ತಿನಲ್ಲಿ ಬೆಲೆಯೇ ಇರಲಿಲ್ಲ. ಇನ್ನೆರಡು ಅಂಗಡಿ ಸುತ್ತಿದ ಮೇಲೆ ಒಬ್ಬರು ಹರಳಿಗೂ ದರ ಹೇಳಿದರು. ಅದು ಕೊಂಡ ಬೆಲೆಯ ಮೂರರಲ್ಲೊಂದು ಭಾಗವನ್ನೂ ಮುಟ್ಟಲಿಲ್ಲ.

ನಿಶ್ಚಿತಾರ್ಥಕ್ಕೆ ವಜ್ರದುಂಗುರ ಕೊಳ್ಳಲು ಹೊರಟವರು ಮೊದಲು ಅರಿತಿರಬೇಕಾದದ್ದು ಇದನ್ನೇ. ಚಿನ್ನಕ್ಕೆ ತೂಕ ಮತ್ತು ಶುದ್ಧತೆ ಎಂಬ ಎರಡೇ ಲೆಕ್ಕ ಇರುವುದರಿಂದ ಯಾರ ಕೈಯಲ್ಲಿದ್ದರೂ ಅದರ ಬೆಲೆ ಹೆಚ್ಚುಕಡಿಮೆ ಒಂದೇ. ವಜ್ರ ಹಾಗಲ್ಲ. ಒಂದು ಹರಳಿನಂತೆ ಇನ್ನೊಂದಿಲ್ಲ. ಪ್ರತಿಯೊಂದಕ್ಕೂ ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಬೆಲೆ. ಮೇಲಾಗಿ, ವ್ಯಾಪಾರಿಗಳಿಗೆ ಸಗಟು ಮಾರಾಟಗಾರರು ಎಷ್ಟೋ ಸಲ ಮುಂಗಡ ಹಣವಿಲ್ಲದೆಯೇ, ಮಾರಿದ ಮೇಲೆ ಲೆಕ್ಕ ಎಂಬ ಒಪ್ಪಂದದಲ್ಲಿ ಹರಳು ಕೊಡುವಾಗ, ನಿಮ್ಮ ಹರಳಿಗೆ ಅವರು ಕೈಯಿಂದ ನಗದು ಹಾಕಬೇಕಾದರೆ ಸಗಟು ದರಕ್ಕಿಂತ ಸಾಕಷ್ಟು ಕೆಳಗೆ ಸಿಕ್ಕಿದರೆ ಮಾತ್ರ ಹಾಕುತ್ತಾರೆ. ಅಂಗಡಿಯ ಲಾಭ, ತೆರಿಗೆ, ಮಜೂರಿ ಇವು ಮೂರೂ ನೀವು ಬಾಗಿಲು ದಾಟಿದ ಕ್ಷಣಕ್ಕೆ ಕರಗಿಹೋಗಿರುತ್ತವೆ. ಆದ್ದರಿಂದ ‘ಒಳ್ಳೆಯ ಹೂಡಿಕೆ’ ಎಂಬ ಮಾತು ಗಲ್ಲಾಪೆಟ್ಟಿಗೆಯ ಆಚೆಯಿಂದ ಬಂದರೆ ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ. ಉಂಗುರಕ್ಕೆ ಕೊಡುವ ಹಣ ಖರ್ಚು. ಹಿಂದಿರುಗಿ ಬರುವ ಹಣವಲ್ಲ. ಬಣ್ಣದ ವಜ್ರಗಳಲ್ಲಿ ಅತ್ಯಂತ ಅಪರೂಪದವು ಹರಾಜಿನಲ್ಲಿ ಭಾರೀ ಬೆಲೆಗೆ ಹೋಗುವುದುಂಟು, ಆದರೆ ನಿಶ್ಚಿತಾರ್ಥದ ಉಂಗುರ ಕೊಳ್ಳುವವರಿಗೂ ಆ ಲೋಕಕ್ಕೂ ಸಂಬಂಧವಿಲ್ಲ.

ಖರ್ಚು ಎಂದು ಒಪ್ಪಿಕೊಂಡ ಮೇಲೆ ಪ್ರಶ್ನೆ ಸರಳವಾಗುತ್ತದೆ: ಕೊಡುವ ಹಣದಲ್ಲಿ ಎಷ್ಟು ಭಾಗ ಕಣ್ಣಿಗೆ ಕಾಣುವ ಚೆಲುವಿಗೆ ಹೋಗುತ್ತದೆ, ಎಷ್ಟು ಭಾಗ ಕಾಗದದ ಮೇಲಿನ ಅಕ್ಷರಗಳಿಗೆ ಹೋಗುತ್ತದೆ? ನನ್ನ ಅಭಿಪ್ರಾಯದಲ್ಲಿ ದುಬಾರಿ ಉಂಗುರಗಳ ಬೆಲೆಯಲ್ಲಿ ದೊಡ್ಡ ಪಾಲು ಎರಡನೆಯದ್ದು. ಅದನ್ನು ಕಳಚಿ ತೆಗೆಯುವುದು ಹೇಗೆಂದು ಮುಂದೆ ನೋಡೋಣ.

ಮೊದಲು ಮೊತ್ತ, ಆಮೇಲೆ ಅಂಗಡಿ

ಉಂಗುರಕ್ಕೆ ಇಂತಿಷ್ಟು ತಿಂಗಳ ಸಂಬಳ ಖರ್ಚು ಮಾಡಬೇಕೆಂಬ ಲೆಕ್ಕವನ್ನು ನೀವು ಕೇಳಿರಬಹುದು. ಅದು ಹಿರಿಯರು ಹಾಕಿಕೊಟ್ಟ ಪದ್ಧತಿಯೂ ಅಲ್ಲ, ಅರ್ಥಶಾಸ್ತ್ರದ ಸೂತ್ರವೂ ಅಲ್ಲ; ಜಾಹೀರಾತಿನ ಸಾಲು. ದಕ್ಷಿಣ ಆಫ್ರಿಕಾದಲ್ಲಿ 1860ರ ದಶಕದ ಕೊನೆಗೆ ವಜ್ರ ಪತ್ತೆಯಾಗಿ, ಅಲ್ಲಿನ ಗಣಿಗಳಿಂದ ಹರಳುಗಳು ಹಿಂದೆಂದೂ ಕಾಣದ ಪ್ರಮಾಣದಲ್ಲಿ ಬರತೊಡಗಿದಾಗ, ಬೆಲೆ ಕುಸಿಯದಂತೆ ಪೂರೈಕೆಯನ್ನು ಒಂದೇ ಕೈಯಲ್ಲಿ ಹಿಡಿಯುವ ಪ್ರಯತ್ನಗಳು ನಡೆದವು. 1888ರಲ್ಲಿ ಸ್ಥಾಪನೆಯಾದ ಡಿ ಬಿಯರ್ಸ್ ಕಂಪನಿ ಮುಂದಿನ ನೂರು ವರ್ಷ ಈ ಮಾರುಕಟ್ಟೆಯನ್ನು ಆಳಿತು. ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕದಲ್ಲಿ ಬೇಡಿಕೆ ಕುಗ್ಗಿದಾಗ, 1938ರಲ್ಲಿ ಆ ಕಂಪನಿ ಎನ್. ಡಬ್ಲ್ಯು. ಏಯರ್ ಎಂಬ ಜಾಹೀರಾತು ಸಂಸ್ಥೆಯ ನೆರವು ಪಡೆಯಿತು. ವಜ್ರ ಶಾಶ್ವತ ಎಂಬರ್ಥದ, ಇಂದಿಗೂ ಬಳಕೆಯಲ್ಲಿರುವ ಘೋಷವಾಕ್ಯವನ್ನು ಅದೇ ಸಂಸ್ಥೆಯಲ್ಲಿ ಬರಹಗಾರ್ತಿಯಾಗಿದ್ದ ಫ್ರಾನ್ಸಿಸ್ ಗೆರೆಟಿ 1947ರಲ್ಲಿ ಬರೆದರು. ಎರಡು ತಿಂಗಳ ಸಂಬಳದ ಲೆಕ್ಕವನ್ನು 1980ರ ದಶಕದ ಜಾಹೀರಾತುಗಳು ಜನರ ಬಾಯಿಗೆ ಹಾಕಿದವು. ಮಾರುವವನು ಹೇಳಿಕೊಟ್ಟ ಅಳತೆಯಲ್ಲಿ ಕೊಳ್ಳುವವನು ತನ್ನ ಪ್ರೀತಿಯನ್ನು ಅಳೆದುಕೊಂಡದ್ದು ವ್ಯಾಪಾರದ ಚರಿತ್ರೆಯಲ್ಲಿ ಅಪರೂಪದ ಗೆಲುವು ಎಂದೇ ಹೇಳಬೇಕು.

ಹಾಗೆಂದು ಉಂಗುರವೇ ಹೊಸತಲ್ಲ. ಆಸ್ಟ್ರಿಯಾದ ಮ್ಯಾಕ್ಸಿಮಿಲಿಯನ್ 1477ರಲ್ಲಿ ಬರ್ಗಂಡಿಯ ಮೇರಿಗೆ ವಜ್ರದ ಉಂಗುರ ಕೊಟ್ಟದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಅರಸೊತ್ತಿಗೆಯ ಆಡಂಬರವಾಗಿದ್ದದ್ದು ಸಂಬಳದಾರರ ಕರ್ತವ್ಯವಾದದ್ದು ಮಾತ್ರ ತೀರಾ ಇತ್ತೀಚೆಗೆ.

ಆದ್ದರಿಂದ ಸಂಬಳದ ಲೆಕ್ಕವನ್ನು ಬದಿಗಿಡಿ. ಇಬ್ಬರೂ ಕುಳಿತು, ಸಾಲ ಮಾಡದೆ, ಮುಂದಿನ ಆರು ತಿಂಗಳ ಯಾವ ಅಗತ್ಯಕ್ಕೂ ಕೈಹಾಕದೆ ಕೊಡಬಹುದಾದ ಮೊತ್ತವೊಂದನ್ನು ಬರೆದಿಟ್ಟುಕೊಂಡು, ತೆರಿಗೆಯೂ ಮಜೂರಿಯೂ ಅದರೊಳಗೇ ಬರಬೇಕೆಂದು ನಿಶ್ಚಯಿಸಿದ ಮೇಲೆಯೇ ಅಂಗಡಿಗೆ ಹೋಗಿ. ಅಚ್ಚರಿಯ ಉಡುಗೊರೆಯಾಗಿ ಕೊಡಬೇಕೆಂಬ ಆಸೆ ಇದ್ದವರಿಗೂ ನನ್ನ ಸಲಹೆ ಇದೇ. ಕೊಡುವ ದಿನ ಗುಟ್ಟಾಗಿರಲಿ, ಹಣದ ಮಾತು ಗುಟ್ಟಾಗಿರುವುದು ಬೇಡ. ಧರಿಸುವವರಿಗೆ ವಜ್ರವೇ ಬೇಡವಾಗಿರಬಹುದು, ಅದನ್ನು ಕೇಳದೆ ತಿಳಿಯುವುದಿಲ್ಲ. ಎಮರಿ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು 2014ರಲ್ಲಿ ಅಮೆರಿಕದ ಮೂರು ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ಪರಿಶೀಲಿಸಿದಾಗ, ಉಂಗುರಕ್ಕೆ ಹೆಚ್ಚು ಸುರಿದವರ ದಾಂಪತ್ಯ ಹೆಚ್ಚು ಗಟ್ಟಿ ಎಂಬುದಕ್ಕೆ ಆಧಾರ ಸಿಗಲಿಲ್ಲ. ಪುರುಷರ ಉತ್ತರಗಳಲ್ಲಂತೂ ಲೆಕ್ಕ ತಿರುವುಮುರುವಾಗಿ, ದುಬಾರಿ ಉಂಗುರದ ಜೊತೆಗೆ ವಿಚ್ಛೇದನವೇ ಹೆಚ್ಚಾಗಿ ಕಂಡಿತು. ದುಬಾರಿ ಉಂಗುರವೇ ವಿಚ್ಛೇದನಕ್ಕೆ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ದುಬಾರಿಯಾದರೆ ಒಳ್ಳೆಯದೆಂಬ ವಾದಕ್ಕೆ ಬುಡವಿಲ್ಲ ಎಂದಷ್ಟೇ ಹೇಳಬಹುದು.

ಕ್ಯಾರಟ್ ಎಂಬುದು ತೂಕ, ಗಾತ್ರವಲ್ಲ

ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ. ಅದರ ನೂರನೆಯ ಒಂದು ಭಾಗವನ್ನು ವ್ಯಾಪಾರದಲ್ಲಿ ಪಾಯಿಂಟ್ ಅಥವಾ ಸೆಂಟ್ ಎನ್ನುತ್ತಾರೆ. ಚಿನ್ನದ ಶುದ್ಧತೆಯನ್ನು ಹೇಳುವ ಕ್ಯಾರಟ್ ಬೇರೆ, ಇದು ಬೇರೆ. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರಟ್‌ನ ದುಂಡು ವಜ್ರ ಮೇಲಿನಿಂದ ನೋಡಿದರೆ ಸುಮಾರು 6.5 ಮಿಲಿಮೀಟರ್ ಅಗಲವಿರುತ್ತದೆ, 90 ಸೆಂಟಿನದು ಸುಮಾರು 6.2 ಮಿಲಿಮೀಟರ್. ವ್ಯತ್ಯಾಸ ಬರೆಯುವ ಕಾಗದದ ಮೂರು ಹಾಳೆಗಳಷ್ಟು ದಪ್ಪ. ಬೆರಳಿನ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಆದರೆ ಬೆಲೆಪಟ್ಟಿಯಲ್ಲಿ ಅರ್ಧ, ಒಂದು, ಒಂದೂವರೆ, ಎರಡು ಎಂಬ ದುಂಡು ಸಂಖ್ಯೆಗಳ ಬಳಿ ಮೆಟ್ಟಿಲುಗಳಿವೆ. 98 ಸೆಂಟಿನಿಂದ ನೂರಕ್ಕೆ ಹತ್ತಿದರೆ ಸಾಕು, ಪ್ರತಿ ಕ್ಯಾರಟ್‌ನ ದರವೇ ಮೇಲಕ್ಕೆ ನೆಗೆಯುತ್ತದೆ. ಮೆಟ್ಟಿಲಿನ ಒಂದಿಷ್ಟು ಕೆಳಗೆ ನಿಂತು ಕೊಳ್ಳುವುದೇ ಈ ವ್ಯಾಪಾರದಲ್ಲಿ ಗ್ರಾಹಕನಿಗೆ ಸಿಗುವ ಅತ್ಯಂತ ಸುಲಭದ ಉಳಿತಾಯ. ಹಾಗೆಯೇ ತೂಕ ಎರಡು ಪಟ್ಟಾದರೆ ಅಗಲ ಕಾಲು ಭಾಗದಷ್ಟು ಮಾತ್ರ ಹೆಚ್ಚುತ್ತದೆ, ಬೆಲೆಯಾದರೋ ಎರಡು ಪಟ್ಟನ್ನು ಮೀರಿ ಹೋಗುತ್ತದೆ.

ಹಣ ಹಾಕಬೇಕಾದದ್ದು ಕಟ್‌ಗೆ, ಎಂದರೆ ಕತ್ತರಿಸಿದ ಬಗೆಗೆ

ವಜ್ರದ ಹೊಳಪು ಹುಟ್ಟಿನಿಂದ ಬಂದದ್ದೆಂಬ ನಂಬಿಕೆ ಅರ್ಧ ಸತ್ಯ. ಕಚ್ಚಾ ವಜ್ರವನ್ನು ಕೈಯಲ್ಲಿ ಹಿಡಿದರೆ ಮಾಸಲು ಗಾಜಿನ ಚೂರಿನಂತೆ ಕಾಣುತ್ತದೆ. ಬೆಳಕನ್ನು ಬಹಳವಾಗಿ ಬಾಗಿಸುವ ಗುಣ ಅದರಲ್ಲಿದೆ ನಿಜ, ಅದರ ವಕ್ರೀಭವನ ಸೂಚ್ಯಂಕ 2.42, ಆ ಗುಣವನ್ನು ಕಣ್ಣಿಗೆ ತಂದುಕೊಡುವುದು ಮಾತ್ರ ಕತ್ತರಿಸುವವನ ಕೈ. ದುಂಡು ಬ್ರಿಲಿಯಂಟ್ ಎಂದು ಕರೆಯುವ ಆಕಾರಕ್ಕೆ 57 ಮುಖಗಳಿರುತ್ತವೆ, ತುದಿಯನ್ನೂ ಚಪ್ಪಟೆಯಾಗಿ ಉಜ್ಜಿದ್ದರೆ 58. ಕೆಳಭಾಗದ ಮುಖಗಳು ಸುಮಾರು 41 ಡಿಗ್ರಿ ಕೋನದಲ್ಲಿದ್ದರೆ ಮೇಲಿನಿಂದ ಇಳಿದ ಬೆಳಕು ಒಳಗೋಡೆಗಳಿಗೆ ಬಡಿದು ತಿರುಗಿ ಮೇಲಕ್ಕೇ ಚಿಮ್ಮುತ್ತದೆ. ಕೆಳಭಾಗ ತೀರಾ ಆಳವಾದರೆ ಬೆಳಕು ಪಕ್ಕಕ್ಕೆ ಸೋರಿ ನಡುವೆ ಕಪ್ಪು ಬೀಳುತ್ತದೆ. ತೀರಾ ತಟ್ಟೆಯಂತಾದರೆ ಅಂಚಿನ ನೆರಳು ಒಳಗೆ ಬಿದ್ದು ಹರಳು ಮೀನಿನ ಕಣ್ಣಿನಂತೆ ಪೇಲವವಾಗಿ ಕಾಣುತ್ತದೆ.

ಹಾಗಿದ್ದರೆ ಆಳವಾಗಿ ಕತ್ತರಿಸುವುದೇಕೆ? ಕಚ್ಚಾ ಹರಳಿನ ತೂಕ ಉಳಿಯಲೆಂದು, ಮತ್ತು ಆ ಒಂದು ಕ್ಯಾರಟ್‌ನ ಮೆಟ್ಟಿಲು ತಪ್ಪದಿರಲೆಂದು. ಒಮ್ಮೆ ಎರಡು ಹರಳುಗಳನ್ನು ಪಕ್ಕಪಕ್ಕ ಇರಿಸಿ ನೋಡಿದ್ದೇನೆ: ಒಂದು 90 ಸೆಂಟ್, ಅಗಲ 6.2 ಮಿಲಿಮೀಟರ್, ಇನ್ನೊಂದು ಒಂದು ಕ್ಯಾರಟ್ ಎರಡು ಸೆಂಟ್, ಅಗಲ 6.25 ಮಿಲಿಮೀಟರ್, ಆಳ ಅಗಲದ ಶೇ 66. ಭಾರದ ಹರಳಿನ ಹೆಚ್ಚುವರಿ ತೂಕವೆಲ್ಲ ಹೊಟ್ಟೆಯಲ್ಲಿತ್ತು, ಉಂಗುರದಲ್ಲಿ ಕೂರಿಸಿದ ಮೇಲೆ ಯಾರಿಗೂ ಕಾಣದ ಜಾಗದಲ್ಲಿ. ಅಂಗಡಿಯ ಸ್ಪಾಟ್‌ಲೈಟ್‌ನ ಅಡಿ ಎರಡೂ ಮಿನುಗಿದವು. ತಟ್ಟೆಯನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋದಾಗ ಹಗುರದ ಹರಳು ಬೆಳ್ಳಗೆ ತುಂಬಿಕೊಂಡಿತು, ಭಾರದ್ದರ ನಡುವೆ ಬೂದುಬಣ್ಣದ ಕೊಳವೊಂದು ಕಾಣಿಸಿತು. ಬೆಲೆಯ ಚೀಟಿಯಲ್ಲಿ ಹೆಚ್ಚಿದ್ದದ್ದು ಆ ಬೂದು ಕೊಳದ ಹರಳಿಗೆ!

ದುಂಡು ಹರಳಾದರೆ ಪ್ರಮಾಣಪತ್ರದಲ್ಲಿ ಕಟ್, ಪಾಲಿಶ್ (ಮುಖಗಳ ನುಣುಪು), ಸಿಮೆಟ್ರಿ (ಮುಖಗಳ ಸಮತೆ) ಮೂರಕ್ಕೂ ‘ಎಕ್ಸಲೆಂಟ್’ ಇರುವುದನ್ನೇ ಆರಿಸಿ. ಒಟ್ಟು ಆಳ ಅಗಲದ ಶೇ 59ರಿಂದ 62.5ರ ನಡುವೆ, ಮೇಲಿನ ಚಪ್ಪಟೆ ಮುಖ ಶೇ 54ರಿಂದ 58ರ ನಡುವೆ ಇದ್ದರೆ ಸಾಮಾನ್ಯವಾಗಿ ಮೋಸವಿರುವುದಿಲ್ಲ. ಆಮೇಲೆ ಅಂಗಡಿಯ ದೀಪದಿಂದ ದೂರ ತಂದು, ಸಾಧಾರಣ ಹಗಲು ಬೆಳಕಿನಲ್ಲೊಮ್ಮೆ, ಮೇಜಿನ ಅಡಿಯ ನೆರಳಿನಲ್ಲೊಮ್ಮೆ, ಒಂದು ಮೊಳ ದೂರದಿಂದ, ಕೈಯನ್ನು ಮೆಲ್ಲಗೆ ಆಡಿಸುತ್ತಾ ನೋಡಿ. ಅಂಡಾಕಾರ, ಪೇರ್, ಚೌಕ ಮುಂತಾದ ಆಕಾರಗಳಿಗೆ ಈ ಅಂಕೆಗಳು ಹೊಂದುವುದಿಲ್ಲ. ಅಲ್ಲಿ ಕಣ್ಣೇ ಪ್ರಮಾಣ.

ಬಣ್ಣ ಮತ್ತು ಶುದ್ಧಿ: ಇಲ್ಲಿ ಕೈ ಬಿಗಿಹಿಡಿಯಿರಿ

ಜೆಮಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ, ಎಂದರೆ ಜಿಐಎ, 1950ರ ದಶಕದ ಆರಂಭದಲ್ಲಿ ರೂಪಿಸಿದ ಮಾಪನದಲ್ಲಿ ಬಣ್ಣವಿಲ್ಲದ ಹರಳು ‘ಡಿ’, ಹಳದಿ ಛಾಯೆ ಹೆಚ್ಚುತ್ತಾ ಹೋದಂತೆ ‘ಝಡ್’ವರೆಗೆ. ಪರೀಕ್ಷಕರು ಬಣ್ಣ ನೋಡುವುದು ಹರಳನ್ನು ತಲೆಕೆಳಗಾಗಿ ಬಿಳಿಯ ಹಿನ್ನೆಲೆಯಲ್ಲಿಟ್ಟು, ಅಳತೆಯ ಹರಳುಗಳ ಪಕ್ಕದಲ್ಲಿ ಹೋಲಿಸಿ. ಬೆರಳಿನ ಮೇಲೆ ಹರಳನ್ನು ಯಾರೂ ಹಾಗೆ ನೋಡುವುದಿಲ್ಲ. ಬಿಳಿಯ ಲೋಹದಲ್ಲಿ ಕೂರಿಸುವುದಾದರೆ ‘ಜಿ’ ಅಥವಾ ‘ಎಚ್’ ಧಾರಾಳವಾಗಿ ಸಾಕು. ಹಳದಿ ಚಿನ್ನದಲ್ಲಾದರೆ ‘ಜೆ’ ಕೂಡ ಬೆಳ್ಳಗೇ ಕಾಣುತ್ತದೆ, ಏಕೆಂದರೆ ಚಿನ್ನದ ಬಣ್ಣವೇ ಹರಳಿನೊಳಗೆ ಪ್ರತಿಫಲಿಸುತ್ತಿರುತ್ತದೆ. ಅಂಥ ಉಂಗುರಕ್ಕೆ ‘ಡಿ’ ಬಣ್ಣದ ಬೆಲೆ ತೆರುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಹರಳಿನೊಳಗಿನ ಚುಕ್ಕೆ, ಬಿರುಕುಗಳನ್ನು ಹೇಳುವ ಶುದ್ಧಿಯ ದರ್ಜೆಗಳೂ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಕಂಡದ್ದರ ಲೆಕ್ಕ. ವಿವಿಎಸ್ ಎಂಬ ಮೇಲಿನ ದರ್ಜೆಯ ಚುಕ್ಕೆಗಳನ್ನು ಕಾಣಲು ನುರಿತ ಪರೀಕ್ಷಕರೇ ಒದ್ದಾಡುತ್ತಾರೆ. ಅದಕ್ಕಿಂತ ಕೆಳಗಿನ ದರ್ಜೆಗಳಾದ ವಿಎಸ್2, ಎಷ್ಟೋ ಸಲ ಎಸ್‌ಐ1 ಕೂಡ ಬರಿಗಣ್ಣಿಗೆ ಸ್ವಚ್ಛವಾಗಿಯೇ ಇರುತ್ತವೆ. ಕಪ್ಪು ಚುಕ್ಕೆ ನಡುಭಾಗದಲ್ಲಿಲ್ಲ, ಬಿರುಕು ಅಂಚನ್ನು ಮುಟ್ಟಿಲ್ಲ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ವಜ್ರ ಗಡಸುತನದಲ್ಲಿ ಹತ್ತಕ್ಕೆ ಹತ್ತು ನಿಜ. ಆದರೆ ಗೀರು ಬೀಳದಿರುವುದು ಬೇರೆ, ಒಡೆಯದಿರುವುದು ಬೇರೆ. ಅದರ ರಚನೆಯಲ್ಲಿ ನಾಲ್ಕು ದಿಕ್ಕುಗಳಲ್ಲಿ ಸೀಳುವ ಸಾಧ್ಯತೆಯಿದ್ದು, ಅಂಚಿಗೆ ಸರಿಯಾದ ಏಟು ಬಿದ್ದರೆ ಚಕ್ಕೆ ಏಳುತ್ತದೆ.

ಪ್ರಯೋಗಾಲಯದ ವಜ್ರ ಮತ್ತು ಇತರ ಹರಳುಗಳು

ಈಗ ಕೊಳ್ಳುವವರು ಉತ್ತರಿಸಿಕೊಳ್ಳಲೇಬೇಕಾದ ದೊಡ್ಡ ಪ್ರಶ್ನೆ ಇದು: ಗಣಿಯ ವಜ್ರವೋ, ಪ್ರಯೋಗಾಲಯದಲ್ಲಿ ಬೆಳೆಸಿದ್ದೋ? ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು 1954ರಲ್ಲಿ ಭಾರೀ ಒತ್ತಡ ಮತ್ತು ತಾಪದಲ್ಲಿ ಇಂಗಾಲದಿಂದ ವಜ್ರ ತಯಾರಿಸಿದ್ದರು. ಇಂದು ಆ ವಿಧಾನದ ಜೊತೆಗೆ, ಇಂಗಾಲವಿರುವ ಅನಿಲದಿಂದ ಪದರಪದರವಾಗಿ ಹರಳು ಬೆಳೆಸುವ ವಿಧಾನವೂ ಇದೆ, ಆಭರಣಕ್ಕೆ ತಕ್ಕ ಹರಳು ಕೆಲವೇ ವಾರಗಳಲ್ಲಿ ಸಿದ್ಧವಾಗುತ್ತದೆ. ಇದು ನಕಲಿಯಲ್ಲ. ರಚನೆ, ಗಡಸುತನ, ಹೊಳಪು ಎಲ್ಲವೂ ಒಂದೇ. ಅಂಗಡಿಗಳಲ್ಲಿ ಹರಳಿಗೆ ತಾಗಿಸಿ ನೋಡುವ ಪೆನ್ನಿನಂಥ ಸಾಮಾನ್ಯ ಶಾಖ ಪರೀಕ್ಷಕವೂ ಎರಡನ್ನು ಬೇರ್ಪಡಿಸಲಾರದು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ತನ್ನ ಮಾರ್ಗಸೂಚಿಯ ವಜ್ರದ ವ್ಯಾಖ್ಯೆಯಿಂದ ‘ನೈಸರ್ಗಿಕ’ ಎಂಬ ಪದವನ್ನೇ ತೆಗೆದುಹಾಕಿತು.

ಬೆಲೆಯ ಕಥೆ ಮಾತ್ರ ಬೇರೆ. ಬೇಕಾದಷ್ಟು ಬೆಳೆಸಬಹುದಾದ ವಸ್ತುವಿನ ದರ ಇಳಿಯುತ್ತಲೇ ಬಂದಿದೆ. ಡಿ ಬಿಯರ್ಸ್ ತಾನೇ 2018ರಲ್ಲಿ ಲೈಟ್‌ಬಾಕ್ಸ್ ಎಂಬ ಹೆಸರಿನಲ್ಲಿ ಇಂಥ ವಜ್ರಗಳ ಮಾರಾಟ ಆರಂಭಿಸಿ, 2025ರಲ್ಲಿ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. ಅದೇ ವರ್ಷ ಜಿಐಎ, ಪ್ರಯೋಗಾಲಯದ ವಜ್ರಗಳಿಗೆ ಅಕ್ಷರಗಳ ಸೂಕ್ಷ್ಮ ದರ್ಜೆ ಕೊಡುವುದನ್ನು ಬಿಟ್ಟು, ‘ಪ್ರೀಮಿಯಂ’ ಮತ್ತು ‘ಸ್ಟ್ಯಾಂಡರ್ಡ್’ ಎಂಬ ಎರಡೇ ವರ್ಗಗಳಿಗೆ ಹೊರಳುವ ನಿರ್ಧಾರ ತಿಳಿಸಿತು. ಹೀಗಾಗಿ ಇದನ್ನು ಕೊಳ್ಳುವವರು ಮರುಮಾರಾಟದ ಬೆಲೆ ಸೊನ್ನೆ ಎಂದೇ ಎಣಿಸಬೇಕು. ಗಣಿಯ ವಜ್ರಕ್ಕೂ ಹಿಂದಿರುಗುವುದು ಅಲ್ಪವೇ ಆಗಿರುವಾಗ, ಕಣ್ಣಿಗೆ ಕಾಣುವ ಚೆಲುವೊಂದೇ ಮುಖ್ಯವಾದವರಿಗೆ ನಾನು ಹಿಂಜರಿಯದೆ ಇದನ್ನೇ ಹೇಳುತ್ತೇನೆ. ಆದರೆ ಹೆಸರಾಂತ ಪೆಟ್ಟಿಗೆಯಲ್ಲಿಟ್ಟು ದುಬಾರಿ ದರ ಹೇಳುವವರಿಂದ ಕೊಳ್ಳಬೇಡಿ. ಅಗ್ಗವಾಗಿರುವುದೇ ಇದರ ಗುಣ. ಕೋಟ್ಯಂತರ ವರ್ಷ ಭೂಮಿಯೊಳಗಿದ್ದದ್ದು ಎಂಬ ಭಾವಕ್ಕೆ ಬೆಲೆ ಕೊಡುವವರೂ ಇದ್ದಾರೆ, ಆ ಭಾವದ ಜೊತೆ ವಾದವಿಲ್ಲ. ಅಂಥವರು 2003ರಲ್ಲಿ ಜಾರಿಗೆ ಬಂದ ಕಿಂಬರ್ಲಿ ಪ್ರಕ್ರಿಯೆ ಎಂಬ ಅಂತರರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆಯ ಬಗ್ಗೆ ತಿಳಿದಿರಲಿ: ಅದು ಬಂಡುಕೋರ ಪಡೆಗಳಿಗೆ ಹಣ ಒದಗಿಸುವ ಕಚ್ಚಾ ವಜ್ರಗಳನ್ನು ತಡೆಯುವುದಕ್ಕೆ ಸೀಮಿತ, ಗಣಿ ಕಾರ್ಮಿಕರ ಸ್ಥಿತಿಗೆ ಅದು ಭರವಸೆಯ ಪತ್ರವಲ್ಲ.

ವಜ್ರವೇ ಆಗಬೇಕೆಂಬ ಹಟವಿಲ್ಲದಿದ್ದರೆ ವಜ್ರದಂತೆ ಕಾಣುವ ಮೋಯ್ಸನೈಟ್ ಎಂಬ ಹರಳನ್ನು ನೋಡಬಹುದು. ಗಡಸುತನ 9.25, ಕಾಮನಬಿಲ್ಲಿನ ಬಣ್ಣಗಳನ್ನು ವಜ್ರಕ್ಕಿಂತ ಹೆಚ್ಚಾಗಿ ಚೆಲ್ಲುತ್ತದೆ. ಕೆಲವರಿಗೆ ಅದೇ ಅತಿಯೆನಿಸುತ್ತದೆ. ನೀಲ ಮತ್ತು ಮಾಣಿಕ್ಯದ ಗಡಸುತನ 9, ದಿನವೂ ಧರಿಸಲು ಯೋಗ್ಯ. ಕ್ಯೂಬಿಕ್ ಜಿರ್ಕೋನಿಯಾ ಎಂಬ ಕೃತಕ ಹರಳು ಅಗ್ಗ, ಆದರೆ ವರ್ಷಗಳು ಕಳೆದಂತೆ ಗೀರು ಬಿದ್ದು ಮಂಕಾಗುತ್ತದೆ. ಮುತ್ತು, ಓಪಲ್‌ಗಳನ್ನು ನಿತ್ಯದ ಉಂಗುರಕ್ಕೆ ಆರಿಸಬೇಡಿ.

ಕಾಗದಪತ್ರ ಮತ್ತು ಬಿಲ್ಲು

ಪ್ರಮಾಣಪತ್ರ ಅಂಗಡಿಯದೇ ಆಗಿರಬಾರದು, ಸ್ವತಂತ್ರ ಪ್ರಯೋಗಾಲಯದ್ದಾಗಿರಬೇಕು. ಅದರ ಸಂಖ್ಯೆಯನ್ನು ಅನೇಕ ಹರಳುಗಳ ನಡುಪಟ್ಟಿಯ (ಮೇಲ್ಭಾಗ, ಕೆಳಭಾಗ ಕೂಡುವ ಅಂಚಿನ) ಮೇಲೆ ಲೇಸರ್‌ನಿಂದ ಕೆತ್ತಿರುತ್ತಾರೆ. ಭೂತಗನ್ನಡಿ ಕೇಳಿ ಪಡೆದು ಸಂಖ್ಯೆಯನ್ನು ನೀವೇ ಓದಿ, ಪ್ರಯೋಗಾಲಯದ ಜಾಲತಾಣದಲ್ಲಿ ಹಾಕಿ ತಾಳೆ ನೋಡಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಅಂಗಡಿಯಿಂದ ಎದ್ದು ಬನ್ನಿ.

‘ಒಟ್ಟು ಒಂದು ಕ್ಯಾರಟ್’ ಎಂಬ ಮಾತಿನ ಬಗ್ಗೆ ಎಚ್ಚರವಿರಲಿ. ಹತ್ತಾರು ಪುಟ್ಟ ಹರಳುಗಳು ಸೇರಿ ಒಂದು ಕ್ಯಾರಟ್ ತೂಗುವ ಉಂಗುರ, ಒಂಟಿ ಹರಳೇ ಒಂದು ಕ್ಯಾರಟ್ ಇರುವ ಉಂಗುರಕ್ಕಿಂತ ಬಹಳ ಕಡಿಮೆ ಬೆಲೆಯದು. ಬಿಲ್ಲಿನಲ್ಲಿ ನಡುಹರಳಿನ ತೂಕ, ಪುಟ್ಟ ಹರಳುಗಳ ತೂಕ, ಲೋಹದ ನಿವ್ವಳ ತೂಕ, ಮಜೂರಿ ಬೇರೆಬೇರೆಯಾಗಿ ಬರೆದಿರಲಿ. ‘ಯಾವಾಗ ಬೇಕಾದರೂ ಪೂರ್ಣ ಬೆಲೆಗೆ ಹಿಂದೆ ತೆಗೆದುಕೊಳ್ಳುತ್ತೇವೆ’ ಎಂದರೆ, ನಗದು ಕೊಡುತ್ತಾರೋ ಅಥವಾ ಇನ್ನೂ ದುಬಾರಿಯ ಇನ್ನೊಂದು ಒಡವೆಗೆ ಬದಲಾಯಿಸಿಕೊಡುತ್ತಾರೋ ಎಂದು ಕೇಳಿ ಬರೆಸಿಕೊಳ್ಳಿ. ಬಹಳಷ್ಟು ಸಲ ಎರಡನೆಯದೇ ಆಗಿರುತ್ತದೆ. ವಿಮೆಗೆಂದು ಅಂಗಡಿ ಬರೆದುಕೊಡುವ ಮೌಲ್ಯದ ಪತ್ರದಲ್ಲಿ ಕೊಂಡ ಬೆಲೆಗಿಂತ ಹೆಚ್ಚಿನ ಅಂಕಿ ಕಂಡು ಲಾಭವಾಯಿತೆಂದು ಹಿಗ್ಗಬೇಡಿ, ಆ ಅಂಕಿಗೆ ಕೊಳ್ಳುವವರು ಯಾರೂ ಇರುವುದಿಲ್ಲ.

ಕೂರಿಸುವ ಬಗೆ ಮತ್ತು ಆಮೇಲಿನ ಆರೈಕೆ

ಕೈಯಿಂದ ಹೆಚ್ಚು ಕೆಲಸ ಮಾಡುವವರಿಗೆ ಹರಳಿನ ಸುತ್ತ ಲೋಹದ ಪಟ್ಟಿ ಕಟ್ಟಿದ ಉಂಗುರ ಒಳ್ಳೆಯದು. ಎತ್ತರದ ಕಾಲುಗಳ ಮೇಲೆ ನಿಂತ ಹರಳು ಚೆಂದ ಕಾಣುತ್ತದೆ, ಬಟ್ಟೆಗೂ ಸಿಕ್ಕಿಕೊಳ್ಳುತ್ತದೆ. ನಾಲ್ಕು ಕಾಲುಗಳಿಗಿಂತ ಆರು ಕಾಲುಗಳು ಸುರಕ್ಷಿತ. ಬೆರಳಿನ ಅಳತೆಯನ್ನು ಸಂಜೆಯ ಹೊತ್ತು ತೆಗೆಸಿ, ಚಳಿಯಲ್ಲಿ ಬೆರಳು ಕುಗ್ಗಿರುತ್ತದೆ. ಸುತ್ತಲೂ ಹರಳು ಕೂರಿಸಿದ ಉಂಗುರದ ಅಳತೆಯನ್ನು ಆಮೇಲೆ ಬದಲಾಯಿಸುವುದು ಬಹಳ ಕಷ್ಟ.

ಉಂಗುರ ಕೆಲವೇ ವಾರಗಳಲ್ಲಿ ಮಂಕಾಯಿತೆಂದು ಅಂಗಡಿಯವರ ಮೇಲೆ ಸಂಶಯಪಡುವವರುಂಟು. ವಜ್ರಕ್ಕೆ ಜಿಡ್ಡಿನ ಮೇಲೆ ವಿಪರೀತ ಒಲವು. ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ಗಣಿಗಳಲ್ಲಿ ಈ ಗುಣವನ್ನೇ ಬಳಸಿಕೊಂಡು, ಪುಡಿಮಾಡಿದ ಅದಿರನ್ನು ನೀರಿನೊಂದಿಗೆ ಗ್ರೀಸ್ ಸವರಿದ ಮೇಜಿನ ಮೇಲೆ ಹರಿಸುತ್ತಿದ್ದರು. ಒದ್ದೆಯಾದ ಉಳಿದ ಕಲ್ಲುಗಳು ಜಾರಿ ಹೋಗುತ್ತಿದ್ದವು, ವಜ್ರ ಗ್ರೀಸಿಗೆ ಅಂಟಿಕೊಳ್ಳುತ್ತಿತ್ತು. ಕೈಗೆ ಹಚ್ಚುವ ಕ್ರೀಮು, ಅಡುಗೆಯ ಎಣ್ಣೆ ಎಲ್ಲವೂ ಹಾಗೆಯೇ ಹರಳಿನ ಬೆನ್ನಿಗೆ ಅಂಟಿ, ಬೆಳಕು ತಿರುಗಿ ಚಿಮ್ಮುವುದನ್ನು ತಡೆಯುತ್ತವೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಹಾಕಿ, ಉಂಗುರವನ್ನು ಹತ್ತಿಪ್ಪತ್ತು ನಿಮಿಷ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ಹರಳಿನ ಹಿಂಭಾಗವನ್ನು ಉಜ್ಜಿ. ತೊಟ್ಟಿಯ ತೂತನ್ನು ಮುಚ್ಚಿಕೊಂಡೇ ತೊಳೆಯಿರಿ. ಒರೆಸಿದ ಮೇಲೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಸಣ್ಣಗೆ ಕಟಕಟ ಸದ್ದು ಬಂದರೆ ಹರಳನ್ನು ಹಿಡಿದ ಕಾಲು ಸಡಿಲವಾಗಿದೆ ಎಂದರ್ಥ. ಅಂದೇ ಬೆರಳಿನಿಂದ ತೆಗೆದಿಟ್ಟು ಅಕ್ಕಸಾಲಿಗನಿಗೆ ತೋರಿಸಿ.